ಧಾರವಾಡದಲ್ಲಿ ಓದಿದ ನೈರೋಬಿಯ ಪಿಂಟೊ: ಹದಿನಾಲ್ಕು ಸಾಲಿನ ಒಂದು ತಪ್ಪೊಪ್ಪಿಗೆ

ಸಂಘದ ಕಳೆದ ರಾಜ್ಯೋತ್ಸವದ ಸ್ಮರಣ ಸಂಚಿಕೆಯನ್ನು ಇನ್ನೂ ರದ್ದಿಗೆ ಹಾಕದೆ ಇಟ್ಟುಕೊಂಡಿರುವ ಸದಸ್ಯ ಬಾಂಧವರು ದಯವಿಟ್ಟು ಅದನ್ನೊಮ್ಮೆ ತೆರೆದು ನೋಡಬೇಕು. ಮಕ್ಕಳ ಕೋಲಾಟದ ವರದಿ ಮುಗಿದು ಬಿಸಿಬೇಳೆ ಭಾತಿನ ವಿಧಾನ ಆರಂಭವಾಗುವ ನಡುವೆ ಹದಿನಾಲ್ಕು ಸಾಲಿನ ಒಂದು ಟಿಪ್ಪಣಿ ಇದೆ. ‘ಕೀನ್ಯಾಕ್ಕಾಗಿ ಪ್ರಾಣ ಕೊಟ್ಟ ನಮ್ಮವ’ ಎಂದು ಅದರ ತಲೆಬರಹ. ಪಿಯೊ ಗಾಮ ಪಿಂಟೊ ಎಂಬ ರಾಜಕೀಯ ಪತ್ರಕರ್ತನ ಪರಿಚಯ ಅದು. ಕೆಳಗೆ ಹೆಸರಿಲ್ಲ. ಬರೆದವರು ನಾವೇ. ಅದರಲ್ಲಿ ಏಳು ತಪ್ಪುಗಳಿವೆ.

ಎರಡು ಸಾಲಿಗೊಂದರಂತೆ ತಪ್ಪು! ನಮ್ಮ ಪ್ರಯೋಗಾಲಯದಲ್ಲಿ ಕೈಕೆಳಗಿನ ಹುಡುಗನೊಬ್ಬ ಹೀಗೆ ವರದಿ ಬರೆದು ತಂದಿದ್ದರೆ ಹಾಳೆಯನ್ನು ಅವನ ಮುಂದೆಯೇ ಹಿಂದಕ್ಕೆ ತಳ್ಳುತ್ತಿದ್ದೆವು. ಆದರೆ ಬರೆದದ್ದು ರಾಜ್ಯೋತ್ಸವಕ್ಕೆ, ಬರೆದ ವಿಷಯ ಅಭಿಮಾನದ್ದು, ಸಮಿತಿಯವರು ಕೊಟ್ಟ ಅವಧಿ ಒಂದೇ ರಾತ್ರಿ. ಅಭಿಮಾನ ಇರುವ ಕಡೆ ಬ್ಯುರೆಟ್ ನೋಡುವ ಕಣ್ಣು ತುಸು ಮಂಜಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ತಪ್ಪು ತೋರಿಸಿಕೊಟ್ಟವರು ಕನ್ನಡಿಗರಲ್ಲ. ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಇರುವ, ಗೋವೆಯ ಮೂಲದ, ನಿವೃತ್ತ ಶಾಲಾ ಮಾಸ್ತರರು. ನಮ್ಮ ಮನೆಯವರದು ಕಾರವಾರದ ಕಡೆ. ಅವರಿಬ್ಬರೂ ಸೇರಿದರೆ ಕೊಂಕಣಿಯಲ್ಲಿ ಮೀನಿನ ಮಾತು ಮುಗಿಯುವುದೇ ಇಲ್ಲ. ಹಾಗೆ ಬಂದವರ ಕೈಗೆ ಸ್ಮರಣ ಸಂಚಿಕೆ ಸಿಕ್ಕಿತು. ಪಿಂಟೊನ ಚಿತ್ರ ಕಂಡು, “ಇದರಲ್ಲಿ ಏನು ಬರೆದಿದೆ, ಓದಿ ಹೇಳು ಬಾಯ್” ಎಂದರು. ನಮ್ಮ ಮನೆಯವರು ಒಂದೊಂದೇ ಸಾಲನ್ನು ಕೊಂಕಣಿಗೆ ತಿರುಗಿಸುತ್ತ ಹೋದಂತೆ ಮಾಸ್ತರರು ಜೇಬಿನಿಂದ ಪೆನ್ಸಿಲ್ ತೆಗೆದರು. ನಾವು ಮನೆಗೆ ಬರುವ ಹೊತ್ತಿಗೆ ಹಾಳೆಯ ಮೇಲೆ ಏಳು ಗೆರೆ ಮತ್ತು ಒಂದು ಪ್ರಶ್ನಾರ್ಥಕ ಚಿಹ್ನೆ ಬಿದ್ದಿತ್ತು.

“ಅಲ್ರೀ, ನೀವು ಬರೆದಿದ್ದು ಅಂತ ನಾನು ಹೇಳಿಬಿಟ್ಟೆ” ಎಂದರು ನಮ್ಮ ಮನೆಯವರು, ಸ್ವಲ್ಪ ಸಂಕೋಚದಿಂದ. ಮಾಸ್ತರರಿಗೆ ಮಾತ್ರ ಸಂಕೋಚವಿರಲಿಲ್ಲ. “ಡಾಕ್ಟರೇ, ಈ ಮನುಷ್ಯನನ್ನು ಒಮ್ಮೆ ಕೊಂದಾಗಿದೆ. ಮತ್ತೆ ಕಾಗದದ ಮೇಲೆ ಕೊಲ್ಲಬೇಡಿ” ಎಂದರು.

ಆ ಏಳು ಗೆರೆಗಳ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಮೊದಲನೆಯ ಗೆರೆ ‘ಗೋವೆಯಲ್ಲಿ ಹುಟ್ಟಿದ’ ಎಂಬಲ್ಲಿ. ಪಿಂಟೊ ಎಂಬ ಹೆಸರು, ಗೋವೆಯ ಮನೆತನ. ಹುಟ್ಟಿದ್ದು ಅಲ್ಲೇ ಇರಬೇಕು ಎಂದುಕೊಂಡೆವು. ಅವರು ಹುಟ್ಟಿದ್ದು ಇದೇ ನೈರೋಬಿಯಲ್ಲಿ, 1927ರ ಮಾರ್ಚ್ 31ರಂದು. ಇದು ಸಣ್ಣ ತಪ್ಪೆಂದು ಯಾರಿಗಾದರೂ ತೋರಬಹುದು. ಮಾಸ್ತರರು ಹೇಳಿದ ಮೇಲೆ ನಮಗೆ ಹಾಗೆ ತೋರಲಿಲ್ಲ. ಈ ದೇಶದಲ್ಲಿ ಹುಟ್ಟಿ, ಇದರ ಸ್ವಾತಂತ್ರ್ಯಕ್ಕಾಗಿ ಬಂಧನದಲ್ಲಿದ್ದು, ಇದೇ ಮಣ್ಣಿನಲ್ಲಿ ಹೂಳಲ್ಪಟ್ಟವನನ್ನು ‘ಗೋವೆಯಿಂದ ಬಂದವ’ ಎಂದು ಬರೆದರೆ, ಏಷ್ಯದವರೆಲ್ಲ ಹೊರಗಿನವರು ಎಂದು ಅಂದು ಹೇಳುತ್ತಿದ್ದವರ ಮಾತಿಗೆ ನಾವೇ ಸಹಿ ಹಾಕಿದಂತೆ. ಏಷ್ಯ ಮೂಲದವರನ್ನು ಕೀನ್ಯಾದ 44ನೆಯ ಬುಡಕಟ್ಟೆಂದು ಸರಕಾರ ಘೋಷಿಸಿದ್ದು 2017ರಲ್ಲಿ. ಅದಕ್ಕೆ ತೊಂಬತ್ತು ವರ್ಷ ಮೊದಲೇ ಇಲ್ಲಿ ಹುಟ್ಟಿದವರು ಪಿಂಟೊ. ನಮ್ಮ ಸಂಘದ ಎಷ್ಟು ಮಕ್ಕಳ ಜನನ ಪತ್ರದಲ್ಲಿ ನೈರೋಬಿ ಎಂದಿದೆ, ಲೆಕ್ಕ ಹಾಕಿ. ನಾಳೆ ಅವರ ಬಗ್ಗೆ ಯಾರಾದರೂ ಹೀಗೆ ಬರೆದರೆ ನಮಗೆ ಹೇಗನಿಸೀತು?

ಎರಡನೆಯ ಗೆರೆ ನಮಗೆ ಹೆಚ್ಚು ನೋವು ಕೊಟ್ಟಿತು. ‘ಕರ್ನಾಟಕದ ಧಾರವಾಡದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಪದವೀಧರ’ ಎಂದು ಬರೆದಿದ್ದೆವು. ಟಿಪ್ಪಣಿಯನ್ನು ಬರೆಯಲು ಮನಸ್ಸು ಬಂದದ್ದೇ ಈ ಸಂಗತಿಯಿಂದ. ನಾವೂ ಧಾರವಾಡದಲ್ಲೇ ಓದಿದವರು. ಅದೇ ಕಲ್ಲಿನ ಕಟ್ಟಡದ ಮೆಟ್ಟಿಲು ಹತ್ತಿ ರಸಾಯನಶಾಸ್ತ್ರ ಕಲಿತವರು. ನೈರೋಬಿಯ ಹುತಾತ್ಮನೊಬ್ಬ ನಮ್ಮ ಕಾಲೇಜಿನವ ಎಂದು ತಿಳಿದ ದಿನ ಊಟ ರುಚಿಸಿರಲಿಲ್ಲ, ಅಷ್ಟು ಸಂತೋಷ. ಆ ಸಂತೋಷದಲ್ಲಿ ಮೂರು ಸುಳ್ಳು ಒಂದೇ ಸಾಲಿನಲ್ಲಿ ನುಸುಳಿದವು.

ನಿಜ ಹೀಗಿದೆ. ಎಂಟನೆಯ ವಯಸ್ಸಿನಲ್ಲಿ ಪಿಂಟೊನನ್ನು ಓದಿಗಾಗಿ ಭಾರತಕ್ಕೆ ಕಳಿಸಿದರು. ಗೋವೆಯ ಅರ್ಪೋರಾದ ಸೇಂಟ್ ಜೋಸೆಫ್ ಹೈಸ್ಕೂಲಿನಲ್ಲಿ ಮೆಟ್ರಿಕ್ ಆಯಿತು. ಪೋರ್ಚುಗೀಸರ ಗೋವೆಯಲ್ಲಿ ಇಂಗ್ಲಿಷ್ ಕಾಲೇಜು ಇರಲಿಲ್ಲ. ಮುಂದೆ ಓದುವ ಹುಡುಗರು ಘಟ್ಟ ಹತ್ತಿ ಬೆಳಗಾವಿ, ಧಾರವಾಡಗಳಿಗೋ, ಇಲ್ಲವೆ ಮುಂಬಯಿಗೋ ಬರಬೇಕಾಗಿತ್ತು. ಪಿಂಟೊ ಧಾರವಾಡದ ಕರ್ನಾಟಕ ಕಾಲೇಜು ಸೇರಿ ಎರಡು ವರ್ಷ ವಿಜ್ಞಾನ ಓದಿದರು. 1944ರಲ್ಲಿ ಕಾಲೇಜು ಬಿಟ್ಟು ವಾಯುಪಡೆಯಲ್ಲಿ ಗ್ರೌಂಡ್ ಎಂಜಿನಿಯರ್ ಕೆಲಸದ ತರಬೇತಿಗೆ ಸೇರಿದರು. ಪದವಿಯ ಮಾತೇ ಇಲ್ಲ.

ಇನ್ನು ವಿಶ್ವವಿದ್ಯಾಲಯ. ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅಂದರೆ ಪಿಂಟೊ ಧಾರವಾಡ ಬಿಟ್ಟು ಐದು ವರ್ಷದ ಮೇಲೆ. ಇನ್ನು ‘ಕರ್ನಾಟಕದ ಧಾರವಾಡ’. 1944ರಲ್ಲಿ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಪಿಂಟೊ ತೀರಿಕೊಂಡಾಗ ಕರ್ನಾಟಕವೆಂಬ ರಾಜ್ಯ ಇನ್ನೂ ಹುಟ್ಟಿರಲಿಲ್ಲ. ನವೆಂಬರ್ ಒಂದರ ಸಂಚಿಕೆಯಲ್ಲಿಯೇ ನವೆಂಬರ್ ಒಂದನ್ನು ಮರೆತೆವೆಂದರೆ ಇನ್ನೇನು ಹೇಳೋಣ!

ಇಲ್ಲೊಂದು ಸಣ್ಣ ಲೆಕ್ಕ. ಎಂಟನೆಯ ವಯಸ್ಸಿಗೆ ಹೊರಟರು, ಅಂದರೆ 1935. ಭಾರತದಲ್ಲಿ ಒಂಬತ್ತು ವರ್ಷ ಓದು ಎಂದು ಪರಿಚಯಗಳು ಹೇಳುತ್ತವೆ. ಕೂಡಿದರೆ 1944, ವಾಯುಪಡೆ ಸೇರಿದ ವರ್ಷಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಆ ಒಂಬತ್ತು ವರ್ಷವನ್ನು ‘ಭಾರತದಲ್ಲಿದ್ದದ್ದು ಒಟ್ಟು ಒಂಬತ್ತೇ ವರ್ಷ’ ಎಂದು ಓದಿಕೊಂಡರೆ ಕೆಟ್ಟಿತು. ವಾಯುಪಡೆಯ ನಂತರ ಮುಂಬಯಿಯ ಅಂಚೆ ತಂತಿ ಕಚೇರಿಯಲ್ಲಿ ಕೆಲಸ, ಅಲ್ಲಿನ ಮುಷ್ಕರ, ಪೋರ್ಚುಗೀಸರನ್ನು ಹೊರಹಾಕಲು ಹುಟ್ಟಿದ ಗೋವಾ ನ್ಯಾಷನಲ್ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದದ್ದು, ಇವೆಲ್ಲ ಉಳಿದಿವೆ. ಪೋರ್ಚುಗೀಸರ ಕೈಗೆ ಸಿಕ್ಕಿದ್ದರೆ ಕೇಪ್ ವರ್ಡಿಯ ತರ್ರಾಫಾಲ್ ಶಿಬಿರಕ್ಕೆ ಸಾಗಿಸುವ ಭಯವಿತ್ತು. ನೈರೋಬಿಗೆ ಮರಳಿದ್ದು 1949ರಲ್ಲಿ, ಇಪ್ಪತ್ತೆರಡು ತುಂಬುವ ಕಾಲಕ್ಕೆ. ಒಟ್ಟು ಹದಿನಾಲ್ಕು ವರ್ಷ. ರಸಾಯನ ಕ್ರಿಯೆಯಲ್ಲಿ ಎಡಗಡೆಯ ತೂಕ ಬಲಗಡೆಗೆ ಹೊಂದಬೇಕಲ್ಲವೆ? ಜೀವನ ಚರಿತ್ರೆಯಲ್ಲೂ ವರ್ಷಗಳನ್ನು ಕೂಡಿ ಕಳೆದು ನೋಡಿದರೆ ಅರ್ಧ ತಪ್ಪು ತಾನಾಗಿಯೇ ಕೆಳಗೆ ಕೂರುತ್ತದೆ.

ಮೂರನೆಯ ಗೆರೆ ‘ನಿರ್ಭೀತ ಅಂಕಣಕಾರ’ ಎಂಬಲ್ಲಿ. ಇದು ನಮ್ಮ ಊರಿನ ಅಭ್ಯಾಸದಿಂದ ಬಂದ ತಪ್ಪು. ರಾಜಕೀಯ ಬರೆಯುವ ಪತ್ರಕರ್ತ ಎಂದ ಕೂಡಲೆ ನಮಗೆ ಕಣ್ಣ ಮುಂದೆ ಬರುವುದು ಪಿ. ಲಂಕೇಶರಂಥವರು. 1980ರಲ್ಲಿ ಸ್ವಂತ ವಾರಪತ್ರಿಕೆ ಆರಂಭಿಸಿ, ಜಾಹೀರಾತಿನ ಹಂಗಿಲ್ಲದೆ, ವಾರ ವಾರವೂ ತಮ್ಮ ಹೆಸರಿನಲ್ಲಿ ಬರೆದವರು. ಇಲ್ಲಿ ನೈರೋಬಿಯಲ್ಲಿ ಹೇಳುವುದಾದರೆ ಫಿಲಿಪ್ ಒಚಿಯೆಂಗ್. 1959ರಲ್ಲಿ ಟಾಮ್ ಎಂಬೋಯಾ ಏರ್ಪಡಿಸಿದ ವಿಮಾನದಲ್ಲಿ ಅಮೆರಿಕಕ್ಕೆ ಓದಲು ಹೋಗಿ, ಚಿಕಾಗೋದ ರೂಸ್‌ವೆಲ್ಟ್ ವಿಶ್ವವಿದ್ಯಾಲಯದಲ್ಲಿದ್ದು, ಮುಂದೆ ಸಂಡೇ ನೇಷನ್ನಿನ ಅಂಕಣದಿಂದ ಮನೆಮಾತಾಗಿ, 2021ರಲ್ಲಿ ತೀರಿಕೊಂಡವರು. ಇಂಥ ಅಂಕಣಕಾರರ ಬದುಕಿನ ವಿವರ ಬೇಕಾದವರಿಗೆ ಅವರ ಅಂಕಣಗಳೇ ಅರ್ಧ ಉತ್ತರ ಕೊಡುತ್ತವೆ.

ಪಿಂಟೊ ಬೇರೆ ಜಾತಿಯ ಪತ್ರಕರ್ತ. ಕಲೋನಿಯಲ್ ಟೈಮ್ಸ್, ಡೈಲಿ ಕ್ರಾನಿಕಲ್ ಪತ್ರಿಕೆಗಳಲ್ಲಿ ದುಡಿದವರು. ಬಿಡುಗಡೆಯಾದ ಮೇಲೆ 1960ರಲ್ಲಿ ಕಾನು ಪಕ್ಷಕ್ಕಾಗಿ ಸೌತಿ ಯಾ ಕಾನು ಪತ್ರಿಕೆ ಕಟ್ಟಿದವರು. ಅನಂತರ ಪ್ಯಾನ್ ಆಫ್ರಿಕನ್ ಪ್ರೆಸ್ ಸ್ಥಾಪಿಸಿ ಅದರ ನಿರ್ದೇಶಕರೂ ಕಾರ್ಯದರ್ಶಿಯೂ ಆದವರು. ಮದುವೆಯಲ್ಲಿ ಮಾವ ಕೊಟ್ಟ ಹಣದಲ್ಲಿ ಗಂಡ ಅಚ್ಚಿನ ಯಂತ್ರ ತಂದರೆಂದು ಅವರ ಪತ್ನಿ ಎಮ್ಮಾ ಅವರು ನೆನೆಸಿಕೊಂಡಿದ್ದಾರೆ. ಇತರರು ಬರೆಯಲು ಜಾಗ ಮಾಡಿಕೊಟ್ಟವರು, ಕಾಗದ ಹೊಂದಿಸಿದವರು, ಅಚ್ಚು ಹಾಕಿಸಿದವರು. ಅವರ ಹೆಸರಿನಲ್ಲಿ ಪ್ರಸಿದ್ಧವಾಗಿ ಉಳಿದಿರುವ ಬರಹ ‘ಗ್ಲಿಂಪ್ಸಸ್ ಆಫ್ ಕೀನ್ಯಾಸ್ ನ್ಯಾಷನಲಿಸ್ಟ್ ಸ್ಟ್ರಗಲ್’. ಸ್ವಾತಂತ್ರ್ಯದ ದಿನವಾದ 1963ರ ಡಿಸೆಂಬರ್ 12ರ ಪ್ಯಾನ್ ಆಫ್ರಿಕಾ ಪತ್ರಿಕೆಯಲ್ಲಿ ಬಂದದ್ದು. ಅಂಕಣಕಾರನೆಂದು ಕರೆದು ನಾವು ಹೊಗಳಿದೆವೆಂದುಕೊಂಡಿದ್ದೆವು. ನಿಜವಾಗಿ ಅವರ ಕೆಲಸವನ್ನು ಕಿರಿದು ಮಾಡಿದ್ದೆವು. ಅಡುಗೆ ಮಾಡಿ ನೂರು ಜನಕ್ಕೆ ಬಡಿಸಿದವನನ್ನು ‘ಚೆನ್ನಾಗಿ ಊಟ ಮಾಡುತ್ತಿದ್ದ’ ಎಂದ ಹಾಗೆ.

ನಾಲ್ಕನೆಯ ಗೆರೆ: ‘ಜೋಮೋ ಕೆನ್ಯಾಟರೊಡನೆ ಜೈಲು ಶಿಕ್ಷೆ ಅನುಭವಿಸಿ’. ಇದು ಎರಡು ರೀತಿಯಲ್ಲಿ ತಪ್ಪು. ಕೆನ್ಯಾಟ ಮತ್ತು ಐವರನ್ನು ಹಿಡಿದದ್ದು 1952ರ ಅಕ್ಟೋಬರಿನಲ್ಲಿ. ಕಪೆಂಗೂರಿಯಾದಲ್ಲಿ ವಿಚಾರಣೆ ನಡೆಸಿ 1953ರಲ್ಲಿ ಶಿಕ್ಷೆ ಕೊಟ್ಟರು. ಪಿಂಟೊ ಎಮ್ಮಾರನ್ನು ಮದುವೆಯಾದದ್ದು 1954ರ ಜನವರಿಯಲ್ಲಿ; ಬಂಧನ ಅದೇ ಜೂನಿನಲ್ಲಿ, ಮದುವೆಯಾಗಿ ಐದು ತಿಂಗಳಿಗೆ. ಲಾಮು ಬಳಿಯ ಮಾಂಡಾ ದ್ವೀಪದಲ್ಲಿ ಇಟ್ಟರು, ಆಮೇಲೆ ಕಬಾರ್ನೆಟ್‌ನಲ್ಲಿ ನಿರ್ಬಂಧ, ಬಿಡುಗಡೆ 1959ರಲ್ಲಿ. ಇಷ್ಟು ವರ್ಷವೂ ವಿಚಾರಣೆ ಇಲ್ಲ, ತೀರ್ಪಿಲ್ಲ. ಹಾಗಿರುವಾಗ ‘ಶಿಕ್ಷೆ’ ಎಂಬ ಶಬ್ದವನ್ನು ಬಳಸಬಹುದೆ? ಶಿಕ್ಷೆ ಎಂದರೆ ಒಂದು ನ್ಯಾಯಾಲಯ ಇತ್ತು, ಒಂದು ಅಪರಾಧ ಸಾಬೀತಾಯಿತು ಎಂದಾಯಿತು. ವಸಾಹತು ಸರಕಾರವೇ ಹೊರಿಸಿ ಸಾಬೀತು ಮಾಡದ ಅಪರಾಧವನ್ನು ನಮ್ಮ ರಾಜ್ಯೋತ್ಸವ ಸಂಚಿಕೆ ಸಾಬೀತು ಮಾಡಿಬಿಟ್ಟಿತ್ತು. ‘ವಿಚಾರಣೆಯಿಲ್ಲದೆ ಐದು ವರ್ಷಕ್ಕೂ ಮೇಲೆ ಸ್ಥಾನಬದ್ಧತೆ ಮತ್ತು ನಿರ್ಬಂಧ’ ಎಂದು ಬರೆಯಬೇಕಾಗಿತ್ತು. ನಾಲ್ಕು ಶಬ್ದ ಹೆಚ್ಚಾಗುತ್ತಿತ್ತು, ಅಷ್ಟೆ.

ಐದು ಮತ್ತು ಆರನೆಯ ಗೆರೆಗಳು ಜೊತೆಗೂಡಿವೆ: ‘1965ರ ಫೆಬ್ರವರಿ 25ರಂದು, ತಮ್ಮ 38ನೆಯ ವಯಸ್ಸಿನಲ್ಲಿ’. ಪಿಂಟೊ ಹತರಾದದ್ದು 24ರ ಬುಧವಾರ ಬೆಳಗ್ಗೆ, ವೆಸ್ಟ್‌ಲ್ಯಾಂಡ್ಸ್‌ನ ತಮ್ಮ ಮನೆಯ ಅಂಗಳದ ದಾರಿಯಲ್ಲಿ, ತಮ್ಮ ಕಾರಿನಲ್ಲಿ. ಕೊನೆಯ ಪುಟ್ಟ ಮಗಳು ಹಿಂದಿನ ಸೀಟಿನಲ್ಲಿ ಕುಳಿತಿತ್ತು. ನಮಗೆ 25 ಎಲ್ಲಿಂದ ಬಂತು? ಬುಧವಾರ ಬೆಳಗ್ಗೆ ನಡೆದದ್ದು ಬೆಳಗಿನ ಪತ್ರಿಕೆಯಲ್ಲಿ ಅಚ್ಚಾಗುವುದು ಗುರುವಾರ. ಪತ್ರಿಕೆಯ ಮೇಲಿನ ತಾರೀಖನ್ನೇ ಘಟನೆಯ ತಾರೀಖೆಂದು ಯಾರೋ ಬರೆದುಕೊಂಡಿರಬೇಕು. ಅದು ನಮ್ಮ ಕೈಗೂ ಬಂತು. ಮಕ್ಕಳಿಗೆ ನೆನಪಿರಲು ಒಂದು ಉಪಾಯ ಹೇಳುತ್ತೇವೆ: ನ್ಯೂಯಾರ್ಕಿನಲ್ಲಿ ಮಾಲ್ಕಮ್ ಎಕ್ಸ್ ಹತನಾದದ್ದು ಅದೇ ಫೆಬ್ರವರಿಯ 21ರ ಭಾನುವಾರ. ಅದಕ್ಕೆ ಮೂರು ದಿನ ಕೂಡಿಸಿ.

ವಯಸ್ಸು? 65ರಿಂದ 27 ಕಳೆದರೆ 38. ನಾವು ಹಾಗೆ ಕಳೆದೆವು. ಆದರೆ ಹುಟ್ಟಿದ್ದು ಮಾರ್ಚ್ 31. ಮೂವತ್ತೆಂಟು ತುಂಬಲು ಇನ್ನೂ ಸರಿಯಾಗಿ ಐದು ವಾರ ಉಳಿದಿತ್ತು. ಅವರು ಬದುಕಿದ್ದು 37 ವರ್ಷ. ಇದನ್ನು ಬರೆಯುತ್ತಿರುವ ನಮ್ಮ ವಯಸ್ಸೂ ಅಷ್ಟೇ. ಆ ಐದು ವಾರವನ್ನು ಇಲ್ಲದ ಕಡೆಯಿಂದ ತಂದು ಕೊಡುವ ಅಧಿಕಾರ ನಮಗೆಲ್ಲಿದೆ ಎಂದು ಆ ರಾತ್ರಿ ಬಹಳ ಹೊತ್ತು ಅನ್ನಿಸಿತು.

ಏಳನೆಯ ಗೆರೆಯನ್ನು ಮಾಸ್ತರರು ಎರಡು ಬಾರಿ ಎಳೆದಿದ್ದರು. ‘ಕೊಲೆಗಾರ ಕಿಸಿಲು ಮುಟುವಾಗೆ ಶಿಕ್ಷೆಯಾಯಿತು’ ಎಂದು ಬರೆದಿದ್ದೆವು. ಮುಟುವಾನನ್ನು ಅಪರಾಧಿಯೆಂದು 1965ರಲ್ಲೇ ನ್ಯಾಯಾಲಯ ತೀರ್ಮಾನಿಸಿತು. ಮರಣದಂಡನೆ ವಿಧಿಸಿ, ಅದು ಮುಂದೆ ಜೀವಾವಧಿಗೆ ಇಳಿಯಿತು. ಅಧ್ಯಕ್ಷರ ಕ್ಷಮಾದಾನದಿಂದ ಆತ ಹೊರಬಂದದ್ದು 2001ರಲ್ಲಿ, ಮೂವತ್ತೈದು ವರ್ಷಕ್ಕೂ ಮೇಲೆ ಒಳಗಿದ್ದು. ತಾನು ನಿರಪರಾಧಿ ಎಂದು ಹೊರಬಂದ ಮೇಲೂ ಹೇಳಿದ. ಪಿಂಟೊನ ಹತ್ಯೆ ಒಬ್ಬ ಹುಡುಗನ ತಲೆಯಲ್ಲಿ ಹುಟ್ಟಿದ ಕೆಲಸವಲ್ಲ, ಅದರ ಹಿಂದೆ ರಾಜಕೀಯವಿತ್ತು ಎಂಬ ಮಾತು ಅಂದಿನಿಂದಲೂ ಇದೆ. 2013ರಲ್ಲಿ ವರದಿ ಸಲ್ಲಿಸಿದ ಸತ್ಯ, ನ್ಯಾಯ ಮತ್ತು ಸಂಧಾನ ಆಯೋಗವೂ ರಾಜಕೀಯ ಹತ್ಯೆಗಳ ಸಾಲಿನಲ್ಲಿ ಈ ಪ್ರಕರಣವನ್ನು ಪರಿಶೀಲಿಸಿತು. ಪಿಂಟೊನ ನಂತರ 1969ರಲ್ಲಿ ಟಾಮ್ ಎಂಬೋಯಾ, 1975ರಲ್ಲಿ ಜೆ. ಎಂ. ಕರಿಯುಕಿ ಅದೇ ದಾರಿಯಲ್ಲಿ ಹೋದರು.

“ಆ ಮನುಷ್ಯ ಜೈಲಿಗೆ ಹೋದಾಗ ನಾನು ಶಾಲೆಯ ಹುಡುಗ, ಹೊರಬಂದಾಗ ನನಗೆ ನಿವೃತ್ತಿ ಹತ್ತಿರ” ಎಂದರು ಮಾಸ್ತರರು. “ನೀವು ನಾಲ್ಕಕ್ಷರದಲ್ಲಿ ಮುಗಿಸಿಬಿಟ್ಟಿರಿ.” ‘ಕೊಲೆಗಾರ’ ಎನ್ನುವುದಕ್ಕೂ ‘ಅಪರಾಧಿಯೆಂದು ನ್ಯಾಯಾಲಯ ತೀರ್ಮಾನಿಸಿದ’ ಎನ್ನುವುದಕ್ಕೂ ಇರುವ ಅಂತರ ವ್ಯಾಕರಣದ್ದಲ್ಲ. ಮೊದಲನೆಯದು ನಾವು ಕಂಡೆವೆಂದು ಹೇಳುತ್ತದೆ. ಎರಡನೆಯದು ಯಾರು ಹೇಳಿದರೆಂದು ಹೇಳುತ್ತದೆ. ನಾವು ಕಂಡಿರಲಿಲ್ಲ.

ಇನ್ನು ಆ ಪ್ರಶ್ನಾರ್ಥಕ ಚಿಹ್ನೆ. ಅದು ‘ಧಾರವಾಡದ ಪೇಡೆಯ ರುಚಿಯನ್ನೂ ಕನ್ನಡದ ಸವಿಯನ್ನೂ ಜೀವಮಾನವಿಡೀ ಮರೆಯದ’ ಎಂಬ ನಮ್ಮ ಸಾಲಿನ ಪಕ್ಕದಲ್ಲಿತ್ತು. “ಇದನ್ನು ನಿಮಗೆ ಹೇಳಿದವರಾರು?” ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಧಾರವಾಡದಲ್ಲಿ ಎರಡು ವರ್ಷ ಇದ್ದವನು ಪೇಡೆ ತಿನ್ನದೆ ಇರುತ್ತಾನೆಯೆ ಎಂಬುದು ನಮ್ಮ ತರ್ಕ. ತರ್ಕವೇನೋ ಚೆನ್ನಾಗಿದೆ, ಆದರೆ ಅದು ನಮ್ಮ ನಾಲಗೆಯ ನೆನಪು, ಪಿಂಟೊನದಲ್ಲ. ಪರಿಚಯ ಬರೆಯುವವರು ಹೆಚ್ಚಾಗಿ ಜಾರುವುದು ಇಂಥ ಸಿಹಿ ಜಾಗದಲ್ಲೇ. ತಾರೀಖು ತಪ್ಪಿದರೆ ಯಾರಾದರೂ ತಿದ್ದುತ್ತಾರೆ. ಪೇಡೆಯನ್ನು ಯಾರೂ ತಿದ್ದುವುದಿಲ್ಲ. ಇನ್ನೊಬ್ಬರು ಅದನ್ನೇ ಎತ್ತಿಕೊಂಡು ಎರಡು ಪೇಡೆ ಮಾಡುತ್ತಾರೆ.

ಆ ದಿನದ ನಂತರ ನಾವು ಮೂರು ದಿನ ರಜೆ ಹಾಕಿ ಮೊಯ್ ಅವೆನ್ಯೂದ ರಾಷ್ಟ್ರೀಯ ಪತ್ರಾಗಾರಕ್ಕೂ, ಮ್ಯಾಕ್‌ಮಿಲನ್ ಗ್ರಂಥಾಲಯಕ್ಕೂ ಅಲೆದೆವು. ಅಲ್ಲಿ ಕಲಿತ ಒಂದು ಪಾಠವನ್ನು ನಮ್ಮ ವೃತ್ತಿಯ ಭಾಷೆಯಲ್ಲಿಯೇ ಹೇಳಬೇಕು. ಕೀನ್ಯಾದ ಪೈರೆಥ್ರಮ್ ಹೂವಿನಲ್ಲಿ ಕೀಟನಾಶಕ ಸತ್ವ ಶೇಕಡ ಎಷ್ಟಿದೆ ಎಂದು ಅಳೆಯುವಾಗ ಒಂದು ಫಲಿತಾಂಶವನ್ನು ಯಾರೂ ನಂಬುವುದಿಲ್ಲ; ಎರಡು, ಮೂರು ಸಲ ಅಳೆಯುತ್ತಾರೆ. ಆದರೆ ಮೂರು ಸಲವೂ ಒಂದೇ ಸೀಸೆಯ ದ್ರಾವಣದಿಂದ ತೆಗೆದುಕೊಂಡರೆ? ಮೂರು ಸಂಖ್ಯೆಯೂ ಸೊಗಸಾಗಿ ಒಂದೇ ಬರುತ್ತದೆ. ಆ ಸೀಸೆಯ ದ್ರಾವಣವೇ ಕೆಟ್ಟಿದ್ದರೆ ಮೂರೂ ಕೆಟ್ಟದ್ದೇ. ಪಿಂಟೊನ ಬಗ್ಗೆ ನಾವು ಮೊದಲು ಓದಿದ ನಾಲ್ಕು ಪರಿಚಯಗಳು ಶಬ್ದ ಶಬ್ದಕ್ಕೂ ಹೊಂದುತ್ತಿದ್ದವು. ಅದನ್ನು ಕಂಡು ಧೈರ್ಯ ಬಂದಿತ್ತು. ಹೆದರಬೇಕಾಗಿತ್ತು! ಅಷ್ಟು ಹೊಂದಿಕೆ ಬರುವುದು ಒಂದನ್ನೊಂದು ನಕಲು ಮಾಡಿದಾಗ ಮಾತ್ರ. ನಾಲ್ಕು ಸಾಕ್ಷಿಯಲ್ಲ, ಒಬ್ಬನೇ ಸಾಕ್ಷಿ ನಾಲ್ಕು ಅಂಗಿ ತೊಟ್ಟು ಬಂದಿದ್ದ.

ಹಾಗಾದರೆ ಮೂಲ ಸೀಸೆಗಳು ಯಾವುವು? 1966ರಲ್ಲಿ, ಹತ್ಯೆಯಾಗಿ ಒಂದು ವರ್ಷಕ್ಕೆ, ಪ್ಯಾನ್ ಆಫ್ರಿಕನ್ ಪ್ರೆಸ್ಸೇ ಪ್ರಕಟಿಸಿದ ಒಂದು ಸ್ಮರಣ ಪುಸ್ತಿಕೆ ಇದೆ. ಸ್ವತಂತ್ರ ಕೀನ್ಯಾದ ಮೊದಲ ಹುತಾತ್ಮ ಎಂದು ಅವರನ್ನು ಕರೆದದ್ದು ಅದರ ಹೆಸರಿನಲ್ಲೇ. 2018ರಲ್ಲಿ ಶಿರಾಜ್ ದುರಾನಿಯವರು ಸಂಪಾದಿಸಿದ ದೊಡ್ಡ ಗ್ರಂಥವಿದೆ. ಬಂಧುಗಳ, ಗೆಳೆಯರ ನೆನಪುಗಳಿವೆ. ಸರಕಾರಿ ಕಡತಗಳಿವೆ. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬರೆದದ್ದು. ಗೆಳೆಯ ಪ್ರೀತಿಯಿಂದ ಬರೆದಾನು, ವಸಾಹತು ಅಧಿಕಾರಿ ಸಂಶಯದಿಂದ ಬರೆದಾನು. ಇಬ್ಬರೂ ಒಪ್ಪುವ ವಿವರ ಗಟ್ಟಿ. ಏಕೆಂದರೆ ಅವರಿಬ್ಬರೂ ಒಂದೇ ಸೀಸೆಯಿಂದ ಕುಡಿದವರಲ್ಲ.

ಇದು ನಮ್ಮೊಬ್ಬರ ಪಾಡಲ್ಲ ಎಂದು ಸಮಾಧಾನಕ್ಕೆ ಒಂದು ಉದಾಹರಣೆ. 2007ರಲ್ಲಿ ಅಮೆರಿಕದ ಸೆಲ್ಮಾದಲ್ಲಿ ಮಾಡಿದ ಭಾಷಣದಲ್ಲಿ ಬರಾಕ್ ಒಬಾಮಾ ಅವರು, ತಮ್ಮ ತಂದೆ ಕೀನ್ಯಾದಿಂದ ಅಮೆರಿಕಕ್ಕೆ ಬಂದದ್ದು ಕೆನೆಡಿ ಮನೆತನದ ನೆರವಿನಿಂದ ಎಂಬ ಅರ್ಥ ಬರುವಂತೆ ಹೇಳಿದರು. ತಂದೆ ಹವಾಯಿಗೆ ಹೋದದ್ದು 1959ರಲ್ಲಿ. ಕೆನೆಡಿ ಪ್ರತಿಷ್ಠಾನ ಹಣ ಕೊಟ್ಟದ್ದು 1960ರ ವಿದ್ಯಾರ್ಥಿಗಳಿಗೆ. ಪತ್ರಿಕೆಗಳು ಅದನ್ನು ಮುಂದಿನ ವರ್ಷ ತೋರಿಸಿಕೊಟ್ಟವು. ಸ್ವಂತ ತಂದೆಯ ವಿಷಯದಲ್ಲಿಯೇ, ಅಷ್ಟು ಓದಿದವರಿಗೇ, ಚೆಂದದ ಕಥೆ ಒಂದು ವರ್ಷವನ್ನು ನುಂಗಿಹಾಕಿತು. ನಮ್ಮ ಪೇಡೆ ಯಾವ ಲೆಕ್ಕ!

ಕೊನೆಗೆ, ತಿದ್ದಿದ್ದರಿಂದ ನಾವು ಕಳೆದುಕೊಂಡದ್ದೇನು? ಒಬ್ಬ ಪದವೀಧರ ಹೋದ, ಒಬ್ಬ ಅಂಕಣಕಾರ ಹೋದ, ಪೇಡೆ ಹೋಯಿತು. ದಕ್ಕಿದ್ದೇನು? ಮಾಸ್ತರರು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ನಕ್ಕರು: “ನಿಮ್ಮ ಊರಿನ ಕೊಂಡಿ ಬೇಕಾದರೆ ಒಂದಲ್ಲ, ಎರಡಿದೆ ಡಾಕ್ಟರೇ. ಮುರುಂಬಿಯನ್ನು ಬಿಟ್ಟಿರಲ್ಲ!”

ಜೋಸೆಫ್ ಮುರುಂಬಿ, ಕೀನ್ಯಾದ ಎರಡನೆಯ ಉಪಾಧ್ಯಕ್ಷ, ಪಿಂಟೊನ ಆಪ್ತ ಗೆಳೆಯ. ತಂದೆ ಗೋವೆಯವರು, ತಾಯಿ ಮಸಾಯಿ. ಹುಟ್ಟಿದ್ದು 1911ರಲ್ಲಿ. ಅವರನ್ನೂ ಎಳೆಯದರಲ್ಲೇ ಭಾರತಕ್ಕೆ ಕಳಿಸಿದ್ದರು. ಅವರ ಶಾಲೆಯ ಓದು ನಡೆದದ್ದು ಬೆಂಗಳೂರು ಮತ್ತು ಬಳ್ಳಾರಿಗಳಲ್ಲಿ! (ಈ ಸಲ ನಾವು ಎಚ್ಚರ: ಆಗ ಬೆಂಗಳೂರಿನ ಸುತ್ತ ಮೈಸೂರು ಸಂಸ್ಥಾನ, ಬಳ್ಳಾರಿ ಮದರಾಸು ಪ್ರಾಂತದಲ್ಲಿ, ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ.) ಮುರುಂಬಿಯವರು 1966ರಲ್ಲಿ ಉಪಾಧ್ಯಕ್ಷ ಪದವಿಯನ್ನು ಕೆಲವೇ ತಿಂಗಳಲ್ಲಿ ಬಿಟ್ಟು ಹೊರಬಂದರು. 1990ರಲ್ಲಿ ತೀರಿಕೊಂಡಾಗ ಅವರನ್ನು ಗೆಳೆಯ ಪಿಂಟೊನ ಸಮಾಧಿಗೆ ಸಮೀಪದಲ್ಲಿ, ಸಿಟಿ ಪಾರ್ಕಿನಲ್ಲಿ ಹೂಳಿದರು. ಮಕ್ಕಳನ್ನು ಕೋತಿಗಳಿಗೆ ಕಡಲೆಕಾಯಿ ಹಾಕಿಸಲು ನಾವೆಲ್ಲ ಭಾನುವಾರ ಕರೆದೊಯ್ಯುವ ಅದೇ ಸಿಟಿ ಪಾರ್ಕು. ಧಾರವಾಡದಲ್ಲಿ ಓದಿದ ಒಬ್ಬರು, ಬಳ್ಳಾರಿಯಲ್ಲಿ ಓದಿದ ಒಬ್ಬರು, ನಮ್ಮ ಮನೆಗಳಿಂದ ಕೂಗಳತೆಯಲ್ಲಿ ಮಲಗಿದ್ದಾರೆ. ಇಷ್ಟು ದೊಡ್ಡ ನಿಜ ಇರುವಾಗ ಅದಕ್ಕೆ ಸಕ್ಕರೆ ಬೆರೆಸುವ ಅಗತ್ಯವಾದರೂ ಏನಿತ್ತು?

ಕಳೆದ ಭಾನುವಾರ ಮಾಸ್ತರರನ್ನೂ ಕರೆದುಕೊಂಡು ಮಕ್ಕಳೊಡನೆ ಅಲ್ಲಿಗೆ ಹೋಗಿದ್ದೆವು. ‘ಇವರು ನಮ್ಮ ಕಾಲೇಜಿನವರು’ ಎಂದು ಮಗನಿಗೆ ಹೇಳಿದೆವು. “ಫಸ್ಟ್ ಕ್ಲಾಸಾ ಅಪ್ಪಾ?” ಎಂದು ಕೇಳಿದ. “ಇಲ್ಲ, ನಡುವೆ ಬಿಟ್ಟು ಹೋದರು” ಎಂದೆವು. ಅವನಿಗೆ ಅದರಿಂದ ಪಿಂಟೊನ ಮೇಲೆ ಗೌರವ ಹೆಚ್ಚಾದಂತೆ ಕಂಡಿತು.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಸಂಘದ ಹಿರಿಯರ ಪರಿಚಯಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸಬೇಕೆಂದು ಸಮಿತಿ ಯೋಚಿಸಿದೆ. ಬರೆದು ಕೊಡುವವರು ಮೂರು ಕೆಲಸ ಮಾಡಿ. ಹುಟ್ಟಿದ ಊರು ಆಗ ಯಾವ ಪ್ರಾಂತದಲ್ಲಿತ್ತು, ಓದಿದ ಕಾಲೇಜು ಆಗ ಯಾವ ವಿಶ್ವವಿದ್ಯಾಲಯದ್ದು, ವಿಚಾರಿಸಿ. ವರ್ಷಗಳನ್ನು ಕೂಡಿ ಕಳೆದು ನೋಡಿ. ಪ್ರತಿ ಸಾಲಿನ ಮುಂದೆಯೂ ‘ಇದನ್ನು ನನಗೆ ಹೇಳಿದವರಾರು?’ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಉತ್ತರ ಬಾರದ ಸಾಲನ್ನು ಹೊಡೆದುಹಾಕಿ. ಹಿರಿಯರು ಎದುರಿಗೆ ಕುಳಿತಿರುವಾಗಲೇ ಕೇಳಿಕೊಳ್ಳಿ, ಹಳೆಯ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್ ತೆಗೆಸಿ ನೋಡಿ. ಆಮೇಲೆ ಕೇಳಲು ಸಿಟಿ ಪಾರ್ಕಿನಲ್ಲಿ ಉತ್ತರ ಸಿಗುವುದಿಲ್ಲ.

ಸ್ಮರಣ ಸಂಚಿಕೆಯ ಟಿಪ್ಪಣಿಯನ್ನು ಹಿಂದಕ್ಕೆ ಪಡೆದು, ಅದರ ಬದಲಿಗೆ ಇದನ್ನು ಅಂಟಿಸಿಕೊಳ್ಳಬೇಕೆಂದು ಕೋರುತ್ತೇವೆ:

‘ಪಿಯೊ ಗಾಮ ಪಿಂಟೊ, ಪತ್ರಕರ್ತ. ಗೋವಾ ಮೂಲದ ಮನೆತನದಲ್ಲಿ 1927ರ ಮಾರ್ಚ್ 31ರಂದು ನೈರೋಬಿಯಲ್ಲಿ ಜನನ. ಅರ್ಪೋರಾದಲ್ಲಿ ಮೆಟ್ರಿಕ್; ಆಗ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನದ ಓದು. 1944ರಲ್ಲಿ ವಾಯುಪಡೆ. ಗೋವಾ ನ್ಯಾಷನಲ್ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರು. 1949ರಲ್ಲಿ ನೈರೋಬಿಗೆ ಮರಳಿ ಪತ್ರಿಕೋದ್ಯಮ ಮತ್ತು ಸ್ವಾತಂತ್ರ್ಯ ಹೋರಾಟ. 1954ರಿಂದ 1959ರವರೆಗೆ ವಿಚಾರಣೆಯಿಲ್ಲದೆ ಸ್ಥಾನಬದ್ಧತೆ ಮತ್ತು ನಿರ್ಬಂಧ. ಪ್ಯಾನ್ ಆಫ್ರಿಕನ್ ಪ್ರೆಸ್ಸಿನ ಸ್ಥಾಪಕರು. 1964ರಲ್ಲಿ ಸಂಸತ್ ಸದಸ್ಯತ್ವ. 1965ರ ಫೆಬ್ರವರಿ 24ರಂದು, 37ನೆಯ ವಯಸ್ಸಿನಲ್ಲಿ, ನೈರೋಬಿಯ ಮನೆಯ ಅಂಗಳದಲ್ಲಿ ಹತ್ಯೆ. ಅದೇ ವರ್ಷ ಅಂತಾರಾಷ್ಟ್ರೀಯ ಪತ್ರಕರ್ತರ ಸಂಘಟನೆಯಿಂದ ಮರಣೋತ್ತರ ಪ್ರಶಸ್ತಿ. ಪತ್ನಿ ಎಮ್ಮಾ ಚಿಲಿಯ ಸ್ಯಾಂಟಿಯಾಗೋದಲ್ಲಿ ಸ್ವೀಕರಿಸಿದರು. 2008ರಲ್ಲಿ ಕೀನ್ಯಾ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು.’

ಇದನ್ನು ಅಚ್ಚಿಗೆ ಕೊಡುವ ಮುಂಚೆ ಮಾಸ್ತರರಿಗೆ ಓದಿ ಹೇಳಿದೆವು. ಪೆನ್ಸಿಲ್ ಕೈಯಲ್ಲೇ ಇತ್ತು. ಕೊನೆಯವರೆಗೂ ಕೇಳಿ, ಅದನ್ನು ಜೇಬಿಗೆ ಹಾಕಿಕೊಂಡರು.